ಸತ್ಯಘೋಷನ ಕಥೆ: ನಂಬಿಕೆ ಮತ್ತು ನಾಯಕನ ಹೊಣೆ

ಶ್ರಾವಕಾಚಾರ ಗ್ರಂಥಗಳು ವ್ರತಗಳ ಲಕ್ಷಣವನ್ನು ಹೇಳಿ ಸುಮ್ಮನಾಗುವುದಿಲ್ಲ. ವ್ರತವನ್ನು ಪಾಲಿಸಿದವರನ್ನೂ ಮುರಿದವರನ್ನೂ ಹೆಸರಿಸಿ ತೋರಿಸುತ್ತವೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು 150 ಶ್ಲೋಕಗಳ ಕಿರುಗ್ರಂಥ. ಅದರಲ್ಲಿ ಐದು ಅಣುವ್ರತಗಳಿಗೆ ಐವರು ಆದರ್ಶರೂ ಐದು ಪಾಪಗಳಿಗೆ ಐವರು ನಿದರ್ಶನರೂ ಉಲ್ಲೇಖಗೊಂಡಿದ್ದಾರೆ. ಸತ್ಯಕ್ಕೆ ಧನದೇವ, ಅಸತ್ಯಕ್ಕೆ ಸತ್ಯಘೋಷ. ಆಚಾರ್ಯರು ಹೆಸರನ್ನಷ್ಟೇ ಸೂಚಿಸಿದರು. ಕಥೆಗಳನ್ನು ಬಿಡಿಸಿ ಹೇಳಿದವರು ಟೀಕಾಕಾರರಾದ ಪ್ರಭಾಚಂದ್ರರು.

ಈ ಎರಡೂ ಕಥೆಗಳಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಸತ್ಯ–ಅಸತ್ಯಗಳ ಪರೀಕ್ಷೆಗೆ ಟೀಕಾಕಾರರು ಆರಿಸಿಕೊಂಡದ್ದು ಯುದ್ಧಭೂಮಿಯನ್ನಲ್ಲ, ತಪೋವನವನ್ನೂ ಅಲ್ಲ. ವ್ಯಾಪಾರವನ್ನು, ಪಾಲುದಾರಿಕೆಯನ್ನು, ಒಬ್ಬರ ಸೊತ್ತು ಇನ್ನೊಬ್ಬರ ಕೈಯಲ್ಲಿರುವ ಸಂದರ್ಭವನ್ನು. ಇಂದಿನ ಮಾತಿನಲ್ಲಿ ಹೇಳುವುದಾದರೆ ಕೆಲಸದ ಸ್ಥಳವನ್ನು. ಆದರೂ ಸತ್ಯಘೋಷನ ಕಥೆಯನ್ನು ಪ್ರವಚನಗಳಲ್ಲಿಯೂ ಮಕ್ಕಳ ಪಾಠಗಳಲ್ಲಿಯೂ ಹೇಳುವ ರೂಢಿಯಲ್ಲಿ ಅದು ‘ಸುಳ್ಳುಗಾರನಿಗೆ ಶಿಕ್ಷೆಯಾಯಿತು’ ಎಂಬ ಒಂದೇ ವಾಕ್ಯಕ್ಕೆ ಇಳಿದುಬಿಡುತ್ತದೆ. ಕಥೆಯ ವಿವರಗಳು ಹೇಳುವುದು ಅದಕ್ಕಿಂತ ಹೆಚ್ಚಿನದನ್ನು. ಅದರ ದೃಷ್ಟಿ ಸುಳ್ಳು ಹೇಳಿದವನಿಗಿಂತಲೂ ಅವನನ್ನು ಆ ಸ್ಥಾನದಲ್ಲಿ ಕೂರಿಸಿ ಕಿವಿಮುಚ್ಚಿಕೊಂಡವನ ಮೇಲೆ ಹೆಚ್ಚಾಗಿ ನೆಟ್ಟಿದೆ.

ಕಥೆಯ ಸಾರ

ಸಿಂಹಪುರದ ಅರಸು ಸಿಂಹಸೇನ, ರಾಣಿ ರಾಮದತ್ತೆ, ಪುರೋಹಿತ ಶ್ರೀಭೂತಿ. ಶ್ರೀಭೂತಿಯು ತನ್ನ ಯಜ್ಞೋಪವೀತಕ್ಕೆ ಒಂದು ಸಣ್ಣ ಚೂರಿಯನ್ನು ಕಟ್ಟಿಕೊಂಡು ತಿರುಗುತ್ತಿದ್ದನು. ತನ್ನ ಬಾಯಿಂದ ಸುಳ್ಳು ಹೊರಟರೆ ಅದರಿಂದಲೇ ನಾಲಗೆಯನ್ನು ಕತ್ತರಿಸಿಕೊಳ್ಳುವೆನೆಂಬುದು ಅವನ ಘೋಷಣೆ. ಜನರು ಮೆಚ್ಚಿ ಅವನನ್ನು ಸತ್ಯಘೋಷನೆಂದು ಕರೆದರು. ತಮ್ಮ ಹಣವನ್ನು ಅವನ ಬಳಿ ಇರಿಸತೊಡಗಿದರು. ಅವನು ಕೇಳಲು ಬಂದವರಿಗೆ ಸ್ವಲ್ಪವನ್ನು ಹಿಂದಿರುಗಿಸಿ ಉಳಿದುದನ್ನು ತಾನೇ ಇರಿಸಿಕೊಳ್ಳುತ್ತಿದ್ದನು. ದೂರು ಕೊಡಲು ಜನರಿಗೆ ಭಯ. ಕೊಟ್ಟರೂ ಅರಸನು ಕೇಳುತ್ತಿರಲಿಲ್ಲ.

ಪದ್ಮಖಂಡಪುರದ ಸಮುದ್ರದತ್ತನೆಂಬ ವರ್ತಕನು ಐದು ಅಮೂಲ್ಯ ರತ್ನಗಳನ್ನು ಅವನಲ್ಲಿ ಇರಿಸಿ ಪರದೇಶಕ್ಕೆ ಹೋದನು. ಗಳಿಸಿ ಹಿಂದಿರುಗುವಾಗ ಹಡಗು ಒಡೆಯಿತು. ಒಂದು ಹಲಗೆಯನ್ನು ಹಿಡಿದು ದಡ ಸೇರಿದ ವರ್ತಕನು ಬರಿಗೈಯಲ್ಲಿ ಬರುವುದನ್ನು ಸತ್ಯಘೋಷನು ದೂರದಿಂದಲೇ ಕಂಡನು. ಅವನು ಬಾಯಿ ತೆರೆಯುವ ಮೊದಲೇ, ಪಾಪ, ಸಂಪತ್ತು ಕಳೆದುಕೊಂಡು ಈತನಿಗೆ ಬುದ್ಧಿಭ್ರಮಣೆಯಾಗಿದೆ, ಬಂದು ತನ್ನಲ್ಲಿ ರತ್ನಗಳನ್ನು ಕೇಳುತ್ತಾನೆ ನೋಡಿ ಎಂದು ಸುತ್ತಲಿನವರಿಗೆ ತಿಳಿಸಿದನು. ವರ್ತಕನು ಬಂದು ಕೇಳಿದನು. ಜನರು ಅವನನ್ನು ಹುಚ್ಚನೆಂದು ಹೊರಗಟ್ಟಿದರು.

ಅಂದಿನಿಂದ ಆರು ತಿಂಗಳ ಕಾಲ ಸಮುದ್ರದತ್ತನು ರಾತ್ರಿಯ ಕೊನೆಯ ಜಾವದಲ್ಲಿ ಅರಮನೆಯ ಬಳಿಯ ಹುಣಸೆ ಮರವನ್ನೇರಿ ತನ್ನ ದೂರನ್ನು ಕೂಗಿ ಹೇಳಿದನು. ಕೊನೆಗೆ ರಾಣಿ ರಾಮದತ್ತೆಯು ಅದಕ್ಕೆ ಕಿವಿಗೊಟ್ಟಳು. ದಿನವೂ ಒಂದೇ ಮಾತನ್ನು ಹೇಳುವವನು ಹುಚ್ಚನಾಗಿರಲಾರನೆಂದು ಅರಸನಿಗೆ ತಿಳಿಸಿದಳು. ಸತ್ಯಘೋಷನನ್ನು ಪಗಡೆಯಾಟಕ್ಕೆ ಕರೆದು ಆಟದಲ್ಲಿ ಅವನ ಉಂಗುರವನ್ನೂ, ಆಮೇಲೆ ಚೂರಿ ಸಹಿತವಾದ ಯಜ್ಞೋಪವೀತವನ್ನೂ ಗೆದ್ದಳು. ದಾಸಿಯು ಆ ಗುರುತುಗಳನ್ನು ಅವನ ಮನೆಗೆ ಒಯ್ದಳು. ಉಂಗುರವನ್ನು ಕಂಡರೂ ರತ್ನಗಳನ್ನು ಕೊಡದ ಅವನ ಹೆಂಡತಿ ಚೂರಿಯನ್ನು ಕಂಡೊಡನೆ ಕೊಟ್ಟುಬಿಟ್ಟಳು. ಅರಸನು ಅವುಗಳನ್ನು ಭಂಡಾರದ ಬೇರೆ ರತ್ನಗಳೊಡನೆ ಬೆರೆಸಿ ವರ್ತಕನ ಮುಂದಿರಿಸಿದನು. ಅವನು ತನ್ನವನ್ನು ಮಾತ್ರ ಆರಿಸಿಕೊಂಡನು. ಸತ್ಯಘೋಷನು ಶಿಕ್ಷೆಗೊಳಗಾಗಿ ಸತ್ತು ಭಂಡಾರದಲ್ಲಿ ಸರ್ಪವಾಗಿ ಹುಟ್ಟಿದನು.

ಚೂರಿಯ ಅರ್ಥ

ಕಥೆಯ ಮಧ್ಯಬಿಂದುವಾಗಿ ನಿಂತಿರುವ ವಸ್ತು ರತ್ನವಲ್ಲ, ಚೂರಿ. ಸತ್ಯವಂತನಿಗೆ ಸತ್ಯದ ಗುರುತುಪಟ್ಟಿ ಬೇಕಾಗಿಲ್ಲ. ಶ್ರೀಭೂತಿಯು ತನ್ನ ಪ್ರಾಮಾಣಿಕತೆಯನ್ನು ಎಲ್ಲರ ಕಣ್ಣಿಗೂ ಬೀಳುವಂತೆ ತೂಗುಹಾಕಿಕೊಂಡಾಗ ಊರಿನವರು ಅದನ್ನು ಪರಿಶೀಲಿಸುವ ತಮ್ಮ ಹೊಣೆಯನ್ನು ಕೈಬಿಟ್ಟರು. ಚೂರಿಯಿದ್ದುದರಿಂದ ರಸೀದಿ ಬೇಡವಾಯಿತು, ಸಾಕ್ಷಿ ಬೇಡವಾಯಿತು. ನಾಲಗೆ ಕತ್ತರಿಸಿಕೊಳ್ಳುವ ಶಪಥ ಮಾಡಿದವನ ನಾಲಗೆಯನ್ನು ಒಮ್ಮೆಯಾದರೂ ಒರೆಗೆ ಹಚ್ಚಿದವರು ಯಾರೂ ಇರಲಿಲ್ಲ. ಕಥೆಗಾರರ ನಿಷ್ಠುರವಾದ ವ್ಯಂಗ್ಯವೆಂದರೆ, ಕಡೆಗೆ ಕಳ್ಳಮಾಲನ್ನು ಮನೆಯಿಂದ ಹೊರತಂದದ್ದೂ ಅದೇ ಚೂರಿ. ಊರನ್ನು ಮೋಸಗೊಳಿಸಿದ ಗುರುತೇ ಅವನ ಮನೆಯವರನ್ನೂ ಮೋಸಗೊಳಿಸಿತು.

ಎರಡನೆಯ ವಿವರವೂ ಸೂಕ್ಷ್ಮವಾದುದು. ಸತ್ಯಘೋಷನು ಎಲ್ಲರಿಗೂ ಎಲ್ಲವನ್ನೂ ಇಲ್ಲವೆನ್ನಲಿಲ್ಲ; ಸ್ವಲ್ಪ ಕೊಟ್ಟು ಉಳಿದುದನ್ನು ನುಂಗಿದನು. ಪೂರ್ಣವಾಗಿ ಕಳೆದುಕೊಂಡವನು ಬೀದಿಗೆ ಬರುತ್ತಾನೆ. ಅರ್ಧ ಪಡೆದವನು ಬಂದದ್ದೇ ಬಂತೆಂದು ಸುಮ್ಮನಾಗುತ್ತಾನೆ. ಮಾತಾಡಿದರೆ ಅದೂ ತಪ್ಪೀತೆಂದು ಅಂಜುತ್ತಾನೆ. ಸಂಬಳವನ್ನು ತಡಮಾಡಿ, ಕಡಿತಮಾಡಿ ಕೊಡುವ ಕಡೆಗಳಲ್ಲಿ ಕೆಲಸಗಾರರು ವರ್ಷಾನುಗಟ್ಟಲೆ ಮೌನವಾಗಿರುವುದರ ಕಾರಣವೂ ಇದೇ. ಆ ಮೌನವನ್ನು ಸಂತೃಪ್ತಿಯೆಂದು ತಿಳಿಯುವ ಯಜಮಾನನು ತನ್ನನ್ನೇ ವಂಚಿಸಿಕೊಳ್ಳುತ್ತಾನೆ.

ಮೂರನೆಯದು, ದೂರುದಾರನು ಬರುವ ಮುಂಚೆಯೇ ಅವನ ಮಾತಿನ ಬೆಲೆಯನ್ನು ಕಳೆಯುವ ತಂತ್ರ. ಸಮುದ್ರದತ್ತನ ರತ್ನಗಳನ್ನು ಕಸಿದುದಕ್ಕಿಂತ ಅವನ ಬುದ್ಧಿಯ ಮೇಲಿನ ವಿಶ್ವಾಸವನ್ನು ಕಸಿದುದು ಹೆಚ್ಚಿನ ಹಿಂಸೆ. ಸಮಂತಭದ್ರರು ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಪರಿವಾದವನ್ನೂ ಪೈಶೂನ್ಯವನ್ನೂ, ಎಂದರೆ ನಿಂದೆಯನ್ನೂ ಚಾಡಿಯನ್ನೂ, ಕೂಟಲೇಖ ಮತ್ತು ನ್ಯಾಸಾಪಹಾರಗಳ ಸಾಲಿನಲ್ಲಿಯೇ ಇರಿಸಿದ್ದಾರೆ. ಸುಳ್ಳು ದಾಖಲೆ ಬರೆಯುವುದು, ಇರಿಸಿದ ಸೊತ್ತನ್ನು ನುಂಗುವುದು, ಒಬ್ಬನ ಹೆಸರು ಕೆಡಿಸುವುದು ಬೇರೆ ಬೇರೆ ದೋಷಗಳಂತೆ ತೋರಿದರೂ ಒಂದಕ್ಕೊಂದು ನೆರವಾಗುತ್ತವೆಂಬುದನ್ನು ಈ ಕಥೆ ಸ್ಪಷ್ಟಪಡಿಸುತ್ತದೆ.

ಅರಸನ ಪಾಲು

ಆರು ತಿಂಗಳು ಕೂಗಿದರೂ ಅರಸನಿಗೆ ಕೇಳಿಸದಿದ್ದುದು ಹೇಗೆ? ಮರವಿದ್ದುದು ಅರಮನೆಯ ಪಕ್ಕದಲ್ಲಿ. ರಾಣಿಗೆ ಕೇಳಿಸಿದ್ದು ಅರಸನಿಗೂ ಕೇಳಿಸಿರಲೇಬೇಕು. ಸಿಂಹಸೇನನು ಕಳ್ಳನಲ್ಲ, ಲೋಭಿಯಲ್ಲ, ಸುಳ್ಳುಗಾರನೂ ಅಲ್ಲ. ಸತ್ಯಘೋಷನಂಥವನು ಕಳ್ಳತನ ಮಾಡಿಯಾನೇ ಎಂದು ಪ್ರಾಮಾಣಿಕವಾಗಿಯೇ ಕೇಳುತ್ತಾನೆ. ಅವನ ದೋಷವೆಂದರೆ ನಂಬಿಕೆಯನ್ನು ಪರಿಶೀಲನೆಗೆ ಬದಲಾಗಿ ಬಳಸಿದ್ದು. ತನ್ನ ಅಧಿಕಾರಿಯನ್ನು ನಂಬುವುದರಲ್ಲಿ ತಪ್ಪಿಲ್ಲ. ಆ ಅಧಿಕಾರಿಯ ವಿರುದ್ಧ ಮಾತಾಡಲು ಜನರು ಅಂಜುತ್ತಾರೆಂದು ತಿಳಿಯದಿರುವುದು ತಪ್ಪು.

ಈ ಅಂಶದಲ್ಲಿ ಟೀಕೆಯ ಕಥೆಗೂ ಪುರಾಣದ ಕಥೆಗೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿಯೂ ಇದೇ ಕಥೆ ಬರುತ್ತದೆ. ಅಲ್ಲಿ ವರ್ತಕನ ಹೆಸರು ಭದ್ರಮಿತ್ರ. ಉತ್ತರಪುರಾಣವು ಕನ್ನಡನಾಡಿಗೆ ಹತ್ತಿರದ ಗ್ರಂಥ, ಕ್ರಿ.ಶ. 898ರಲ್ಲಿ ಅದಕ್ಕೆ ಪೂಜೆ ಸಂದದ್ದು ಇಂದಿನ ಹಾವೇರಿ ಜಿಲ್ಲೆಯ ಬಂಕಾಪುರದಲ್ಲಿ. ಟೀಕೆಯಲ್ಲಿ ಸತ್ಯಘೋಷನ ದುರ್ಗತಿಯೊಡನೆ ಕಥೆ ಮುಗಿದರೆ ಪುರಾಣದಲ್ಲಿ ಅದು ಮುಂದುವರಿಯುತ್ತದೆ: ಭಂಡಾರದಲ್ಲಿ ಸರ್ಪವಾಗಿ ಹುಟ್ಟಿದ ಸತ್ಯಘೋಷನು ಭಂಡಾರಕ್ಕೆ ಬಂದ ಸಿಂಹಸೇನನನ್ನೇ ಕಚ್ಚುತ್ತಾನೆ; ಅರಸನು ಸಾಯುತ್ತಾನೆ. ಪುರಾಣಕಾರರು ಇದನ್ನು ಪೂರ್ವವೈರದ ಫಲವೆಂದು ನಿರೂಪಿಸುತ್ತಾರೆ. ಆದರೆ ಓದುಗನ ಮನಸ್ಸಿನಲ್ಲಿ ಇನ್ನೊಂದು ಅರ್ಥವೂ ಮೂಡುತ್ತದೆ. ಅರಸನು ಕಾಣದೆ ಬಿಟ್ಟ ದೋಷವು ಅವನದೇ ಭಂಡಾರದಲ್ಲಿ ಸುರುಳಿ ಸುತ್ತಿಕೊಂಡು ಕಾದಿತ್ತು. ಕೈಕೆಳಗಿನವನ ವಂಚನೆಗೆ ಶಿಕ್ಷೆ ವಿಧಿಸಿದ ಮಾತ್ರಕ್ಕೆ ಮೇಲಿನವನ ಹೊಣೆ ತೀರುವುದಿಲ್ಲ. ವ್ರತದ ನಿದರ್ಶನಕ್ಕಾಗಿ ಕಥೆಯನ್ನು ಪುರಾಣದಿಂದ ಬಿಡಿಸಿ ತಂದಾಗ ಕಳೆದುಹೋದದ್ದು ಈ ಭಾಗ. ಪಾಠ ಹೇಳುವವರು ಇದನ್ನು ಮತ್ತೆ ಸೇರಿಸಿ ಹೇಳುವುದು ಒಳ್ಳೆಯದು.

ರಾಮದತ್ತೆಯ ಉಪಾಯದ ಬಗೆಗೆ ಒಂದು ಆಕ್ಷೇಪವನ್ನು ಎತ್ತಬಹುದು. ಪಗಡೆಯ ನೆಪ, ಗಂಡನೇ ಕಳಿಸಿದನೆಂದು ಅವನ ಹೆಂಡತಿಗೆ ತೋರಿಸಿದ ಹುಸಿ ಗುರುತು – ಸತ್ಯವನ್ನು ಸ್ಥಾಪಿಸಲು ಅಸತ್ಯದ ನೆರವನ್ನು ಪಡೆದಂತಾಯಿತಲ್ಲವೇ? ಟೀಕಾಕಾರರು ಈ ಪ್ರಶ್ನೆಯನ್ನು ಎತ್ತಿಕೊಳ್ಳುವುದಿಲ್ಲ. ಕಥೆಯ ದುರ್ಬಲ ಸ್ಥಾನವಿದು. ಆದರೆ ಇಂಥ ಉಪಾಯವು ಅಗತ್ಯವಾದದ್ದು ಏಕೆಂಬುದನ್ನೂ ಕೇಳಬೇಕಾಗುತ್ತದೆ. ದೂರನ್ನು ಆಲಿಸುವ ನೇರ ಮಾರ್ಗವಿದ್ದ ರಾಜ್ಯದಲ್ಲಿ ರಾಣಿಯು ಪಗಡೆಯಾಡಬೇಕಾಗಿರಲಿಲ್ಲ. ನೇರ ದಾರಿಯನ್ನು ಮುಚ್ಚಿದ ಸಂಸ್ಥೆಯು ಒಳ್ಳೆಯವರನ್ನೂ ಅಡ್ಡದಾರಿಗೆ ನೂಕುತ್ತದೆ. ಅರಸನ ಪರವಾಗಿ ಒಂದು ಮಾತನ್ನು ಹೇಳಬೇಕು: ದೂರುದಾರನ ಮೇಲೆ ಕನಿಕರ ಹುಟ್ಟಿದ ಮೇಲೆಯೂ ಅವನು ರತ್ನಗಳನ್ನು ಬೆರೆಸಿಟ್ಟು ದೂರನ್ನೇ ಪರೀಕ್ಷಿಸಿದನು. ಅಧಿಕಾರಿಯನ್ನು ಕುರುಡಾಗಿ ನಂಬಿ ಕೆಟ್ಟವನು ದೂರುದಾರನನ್ನು ಕುರುಡಾಗಿ ನಂಬಲಿಲ್ಲ. ಅಷ್ಟರ ಮಟ್ಟಿಗೆ ಅವನು ಕಲಿತನು.

ಮರೆತವನ ಲೆಕ್ಕ

ಸತ್ಯಘೋಷನದು ಎದ್ದುಕಾಣುವ ಅಪರಾಧ. ಅಂಥ ಕಥೆಯನ್ನು ಕೇಳಿದ ಸದ್ಗೃಹಸ್ಥನು ತಾನು ಆ ಜಾತಿಯವನಲ್ಲವೆಂದು ನೆಮ್ಮದಿಯಿಂದ ಮನೆಗೆ ಹೋಗಬಲ್ಲನು. ಈ ನೆಮ್ಮದಿಯನ್ನು ಕೆಡಿಸುವವರು ಪೂಜ್ಯಪಾದಾಚಾರ್ಯರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬರುವ ನ್ಯಾಸಾಪಹಾರವೆಂಬ ಅತಿಚಾರವನ್ನು ಅವರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುವ ರೀತಿ ವಿಶಿಷ್ಟವಾಗಿದೆ. ಹಣ ಇರಿಸಿದವನು ಎಷ್ಟು ಇರಿಸಿದ್ದೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ಹೌದು, ಅಷ್ಟೇ ಎಂದು ಒಪ್ಪಿಕೊಳ್ಳುವುದು ನ್ಯಾಸಾಪಹಾರ. ಇಲ್ಲಿ ಬಲಾತ್ಕಾರವಿಲ್ಲ. ಸುಳ್ಳು ಲೆಕ್ಕ ಬರೆದದ್ದಿಲ್ಲ. ಕೇಳಿದಷ್ಟನ್ನು ಕೊಟ್ಟದ್ದೂ ಆಯಿತು. ಆದರೂ ಅದು ದೋಷ. ಎದುರಿನವನ ಮರೆವನ್ನೂ ಅಜ್ಞಾನವನ್ನೂ ತನ್ನ ಲಾಭವಾಗಿಸಿಕೊಳ್ಳುವುದನ್ನು ಆಚಾರ್ಯರು ಸೂಕ್ಷ್ಮವಾದ ಅಪಹರಣವೆಂದೇ ಪರಿಗಣಿಸಿದ್ದಾರೆ.

ಕೆಲಸದ ಸ್ಥಳದ ನಾಯಕನಿಗೆ ಇದಕ್ಕಿಂತ ಕಠಿಣವಾದ ಅಳತೆಗೋಲು ಸಿಗಲಾರದು. ಕೆಲಸಗಾರನಿಗೂ ಯಜಮಾನನಿಗೂ ನಡುವೆ ಇರುವ ದೊಡ್ಡ ಅಂತರ ಹಣದ್ದು ಮಾತ್ರವಲ್ಲ, ತಿಳಿವಳಿಕೆಯದು. ಭವಿಷ್ಯನಿಧಿಗೆ ಎಷ್ಟು ಜಮೆಯಾಗಿದೆ, ಹೆಚ್ಚುವರಿ ದುಡಿಮೆಗೆ ಎಷ್ಟು ಬರಬೇಕು ಎಂಬುದು ಯಜಮಾನನಿಗೆ ಗೊತ್ತು. ದುಡಿದವನಿಗೆ ಅನೇಕ ವೇಳೆ ಗೊತ್ತಿಲ್ಲ. 1972ರ ಗ್ರಾಚ್ಯುಟಿ ಕಾಯ್ದೆಯು, ಕೆಲಸಗಾರನು ಅರ್ಜಿ ಹಾಕಲಿ ಬಿಡಲಿ, ಸಲ್ಲಬೇಕಾದ ಮೊತ್ತವನ್ನು ಲೆಕ್ಕಹಾಕಿ ಅವನಿಗೆ ತಿಳಿಸುವ ಹೊಣೆಯನ್ನು ಮಾಲೀಕನ ಮೇಲೆಯೇ ಹೊರಿಸಿತು. ಕೇಳಲಿಲ್ಲ, ಆದುದರಿಂದ ಕೊಡಲಿಲ್ಲ ಎಂಬ ಮಾತು ಕಾನೂನಿಗೂ ಒಪ್ಪಿಗೆಯಾಗಲಿಲ್ಲ. ಪೂಜ್ಯಪಾದರ ಸೂಕ್ಷ್ಮ ವಿವೇಚನೆಯ ದಿಕ್ಕಿಗೇ ಶಾಸನವೂ ಬಂದು ಸೇರಿದುದು ಮನನಯೋಗ್ಯ.

ಕವಲುದಾರಿಯ ಸುತ್ತಮುತ್ತ

ಈ ಗ್ರಂಥವಿಚಾರವು ನಿತ್ಯಜೀವನಕ್ಕೆ ಹೇಗೆ ತಾಗುತ್ತದೆಂಬುದನ್ನು ಬಾದಾಮಿ ಸೀಮೆಯಲ್ಲಿ ಕಾಣಬಹುದು. ಹುಬ್ಬಳ್ಳಿಯಿಂದ ನರಗುಂದವನ್ನು ದಾಟಿ ವಿಜಯಪುರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಬಾದಾಮಿಯ ದಾರಿ ಕವಲೊಡೆಯುವ ಸ್ಥಳ ಕುಳಗೇರಿ ಕ್ರಾಸ್. ಅಲ್ಲಿಂದ ಬಾದಾಮಿಗೆ ಹೋದರೆ ನಾಲ್ಕನೆಯ ಗುಹೆಯ ಜಿನಬಿಂಬಗಳು. ಮುಂದೆ ಪಟ್ಟದಕಲ್ಲಿನ ಜಿನಾಲಯ. ಅದರಾಚೆ ಐಹೊಳೆಯ ಮೇಗುತಿ. ಮೇಗುತಿ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿಯ ಕ್ರಿ.ಶ. 634ರ ಪ್ರಶಸ್ತಿಯಿದೆ. ಪ್ರಶಸ್ತಿಯು ನಾಯಕನ ಕೀರ್ತಿಯನ್ನು ಹೇಳುವ ಪ್ರಕಾರ. ಸತ್ಯಘೋಷನ ಕಥೆಯು ಕೀರ್ತಿಯನ್ನೇ ಪ್ರಶ್ನಿಸುವ ಪ್ರಕಾರ. ಜೈನ ಸಾಹಿತ್ಯವು ಎರಡನ್ನೂ ಬೆಳೆಸಿತೆಂಬುದು ಅದರ ಹೆಚ್ಚುಗಾರಿಕೆ.

ಇದೇ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರೆಂಬ ವರ್ತಕಸಂಘವು ಮಧ್ಯಯುಗದಲ್ಲಿ ದಕ್ಷಿಣ ಭಾರತದಾದ್ಯಂತ ವ್ಯವಹರಿಸಿತು. ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಐನೂರ್ವರ ಹೆಸರಿದೆ. ಅವರ ಶಾಸನಗಳ ಬಿರುದಾವಳಿಗಳು ಸಂಪತ್ತಿನೊಡನೆ ಸತ್ಯವನ್ನೂ ಶೌಚವನ್ನೂ ಆಚಾರವನ್ನೂ ಗುಣಗಳಾಗಿ ಎಣಿಸುತ್ತವೆ. ಕಡಲಾಚೆಗೆ ಸರಕು ಕಳಿಸುವವನಿಗೆ ಆ ದಡದಲ್ಲಿರುವವನ ಮಾತೇ ಆಧಾರ. ಸಮುದ್ರದತ್ತನ ಕಥೆ ಅಂಥ ವರ್ತಕರ ಕಿವಿಗೆ ಬರಿಯ ಪುರಾಣವಾಗಿ ಕೇಳಿಸಿರಲಾರದು. ಆದರೆ ಅವರು ಒಬ್ಬನ ಕೀರ್ತಿಯನ್ನು ನೆಚ್ಚದೆ ಸಂಘವನ್ನು ಕಟ್ಟಿಕೊಂಡರೆಂಬುದೂ ಗಮನಾರ್ಹ.

ಇಂದಿನ ನ್ಯಾಸಗಳು ಬೇರೆ ರೂಪದವು. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ಈ ಸೀಮೆಯ ಹೆಸರನ್ನು ದೂರ ಒಯ್ದಿವೆ. ಮಾಲೀಕನು ನೂಲು ಕೊಡುತ್ತಾನೆ. ನೇಕಾರನು ನೇಯ್ದು ತಂದೊಪ್ಪಿಸಿ ಮಜೂರಿ ಪಡೆಯುತ್ತಾನೆ. ಇಳಕಲ್ ಸೀರೆಯ ಒಡಲ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುವ ಕೆಲಸದಲ್ಲಿ ಮನೆಮಂದಿಯೆಲ್ಲ ಕೈಗೂಡಿಸಬೇಕು. ಕೊಟ್ಟ ನೂಲಿನ ತೂಕವೆಷ್ಟು, ನೇಯುವಾಗ ಹಾಳಾದದ್ದೆಷ್ಟು, ಮುಂಗಡದಲ್ಲಿ ಮುರಿದುಕೊಂಡದ್ದೆಷ್ಟು – ಈ ಲೆಕ್ಕದ ಪುಸ್ತಕ ಮಾಲೀಕನ ಬಳಿ ಇರುತ್ತದೆ. ನೇಕಾರನು ಒಂದು ಸೀರೆಯ ಮಜೂರಿಯನ್ನು ಮರೆತು ಲೆಕ್ಕ ಹೇಳಿದಾಗ, ಇಲ್ಲ, ಇನ್ನೊಂದು ಬಾಕಿಯಿದೆ ಎನ್ನುವ ಮಾಲೀಕನಿಗೂ ತಲೆಯಾಡಿಸಿ ಪುಸ್ತಕ ಮುಚ್ಚುವ ಮಾಲೀಕನಿಗೂ ನಡುವಿನ ಅಂತರವೇ ಪೂಜ್ಯಪಾದರು ಗೆರೆ ಕೊರೆದು ತೋರಿಸಿದ ಅಂತರ. ಅಡತಿ ಅಂಗಡಿಯ ಕಾಟಾದ ಮುಂದೆ ಚೀಲ ಇಳಿಸುವ ರೈತನಿಗೂ ಈ ಮಾತು ಅನ್ವಯಿಸುತ್ತದೆ.

ಅಚೌರ್ಯಾಣುವ್ರತದ ಅತಿಚಾರಗಳು ಇದಕ್ಕೆ ಪೂರಕವಾಗಿವೆ. ಕೊಡುವಾಗ ಸಣ್ಣ ಅಳತೆ, ಕೊಳ್ಳುವಾಗ ದೊಡ್ಡ ಅಳತೆ ಬಳಸುವುದು ಹೀನಾಧಿಕಮಾನೋನ್ಮಾನ. ನಕಲಿಯನ್ನು ಅಸಲಿಯೆಂದು ದಾಟಿಸುವುದು ಪ್ರತಿರೂಪಕ ವ್ಯವಹಾರ. ಯಂತ್ರಮಗ್ಗದ ಬಟ್ಟೆಯನ್ನು ಕೈಮಗ್ಗದ್ದೆಂದೂ, ಕೃತಕ ರೇಷ್ಮೆಯನ್ನು ಶುದ್ಧ ರೇಷ್ಮೆಯೆಂದೂ ಮಾರುವುದು ಇದರಲ್ಲಿಯೇ ಸೇರುತ್ತದೆ. 2004ರಲ್ಲಿ ರೇಷ್ಮೆಗೂ 2006ರಲ್ಲಿ ಕೈಮಗ್ಗಕ್ಕೂ ದೃಢೀಕರಣದ ಮುದ್ರೆಗಳು ಬರಬೇಕಾಯಿತು. ಇವೆಲ್ಲಕ್ಕಿಂತ ನಾಯಕರಿಗೆ ನೇರವಾಗಿ ತಾಗುವುದು ಸ್ತೇನಪ್ರಯೋಗ: ತಾನು ಕದಿಯದೆ ಇನ್ನೊಬ್ಬನನ್ನು ಕಳವಿಗೆ ಪ್ರೇರಿಸುವುದು ಅಥವಾ ಕದ್ದವನನ್ನು ಅನುಮೋದಿಸುವುದು. ಸಮಂತಭದ್ರರೂ ಸತ್ಯಾಣುವ್ರತವನ್ನು ಹೇಳುವಾಗ ಸುಳ್ಳು ನುಡಿಯದಿರುವುದರ ಜೊತೆಗೆ ಇತರರಿಂದ ನುಡಿಸದಿರುವುದನ್ನೂ ಸೇರಿಸಿದ್ದಾರೆ. ತೂಕದಲ್ಲಿ ಮೋಸ ಮಾಡೆಂದು ಯಜಮಾನನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಸಾಧ್ಯವಿಲ್ಲದ ಲಾಭವನ್ನು ನಿಗದಿಪಡಿಸಿ, ಹೇಗಾದರೂ ಮಾಡಿ ತಾ ಎಂದರೆ ಸಾಕು. ಗುಮಾಸ್ತನು ಉಳಿದುದನ್ನು ಅರ್ಥಮಾಡಿಕೊಳ್ಳುತ್ತಾನೆ. ಪಾಪವು ಗುಮಾಸ್ತನ ಖಾತೆಯಲ್ಲಿ ಮಾತ್ರ ಬರೆಯಲ್ಪಡುವುದಿಲ್ಲ.

ಹೆಸರಿನಲ್ಲಿದ್ದ ಸತ್ಯ

ಈ ಕಥೆಯು ಹಳೆಯ ಕಾಲದ್ದೆಂದು ತಳ್ಳಿಹಾಕುವವರಿಗೆ 2009ರ ಒಂದು ಘಟನೆಯನ್ನು ನೆನಪಿಸಬೇಕು. ನೆರೆಯ ಹೈದರಾಬಾದಿನಲ್ಲಿ ಸತ್ಯಂ ಎಂಬ ಹೆಸರಿನ ದೊಡ್ಡ ಕಂಪ್ಯೂಟರ್ ಸಂಸ್ಥೆಯಿತ್ತು. 2008ರಲ್ಲಿ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಎಂಬ ಪ್ರಶಸ್ತಿಯೂ ಅದಕ್ಕೆ ಸಂದಿತ್ತು. 2009ರ ಜನವರಿ 7ರಂದು ಅದರ ಸಂಸ್ಥಾಪಕ ಅಧ್ಯಕ್ಷ ಬಿ. ರಾಮಲಿಂಗ ರಾಜು ಅವರು ವರ್ಷಗಳಿಂದ ಲೆಕ್ಕಪತ್ರಗಳನ್ನು ಉಬ್ಬಿಸಿ ತೋರಿಸಲಾಗಿತ್ತೆಂದು ಪತ್ರ ಬರೆದು ಒಪ್ಪಿಕೊಂಡರು. ಪುಸ್ತಕದಲ್ಲಿದ್ದ ಸುಮಾರು 5,000 ಕೋಟಿ ರೂಪಾಯಿ ನಗದು ವಾಸ್ತವದಲ್ಲಿ ಇರಲೇ ಇಲ್ಲ. ಪ್ರಶಸ್ತಿಯನ್ನು ಹಿಂದಕ್ಕೆ ಪಡೆಯಲಾಯಿತು. ಸರಕಾರವು ಆಡಳಿತ ಮಂಡಳಿಯನ್ನು ಬದಲಿಸಿತು. 2015ರ ಏಪ್ರಿಲ್ ತಿಂಗಳಲ್ಲಿ ವಿಶೇಷ ನ್ಯಾಯಾಲಯವು ರಾಜು ಮತ್ತು ಇತರ ಒಂಬತ್ತು ಮಂದಿಯನ್ನು ಅಪರಾಧಿಗಳೆಂದು ತೀರ್ಮಾನಿಸಿ ಶಿಕ್ಷೆ ವಿಧಿಸಿತು. ಮರುತಿಂಗಳೇ ಮೇಲ್ಮನವಿಯಲ್ಲಿ ಆ ಶಿಕ್ಷೆ ಅಮಾನತಾಯಿತು.

ಹೆಸರಿನಲ್ಲಿ ಸತ್ಯ, ಎದೆಯ ಮೇಲೆ ಪ್ರಶಸ್ತಿ – ಜನಿವಾರಕ್ಕೆ ಕಟ್ಟಿದ ಚೂರಿಯಂತೆಯೇ. ಲೆಕ್ಕಪರಿಶೋಧಕರು ಇದ್ದರು, ನಿರ್ದೇಶಕರಿದ್ದರು, ಹೂಡಿಕೆದಾರರಿದ್ದರು. ಗುರುತನ್ನು ಕಂಡವರು ಗಂಟನ್ನು ಎಣಿಸಲಿಲ್ಲ. ಒಂದು ದಿನ ಬೆಳಗಾಗುವುದರೊಳಗೆ ಸಂಬಳ ಬರುವುದೋ ಇಲ್ಲವೋ ಎಂಬ ಆತಂಕಕ್ಕೆ ಸಿಕ್ಕವರು ಈ ಯಾವ ತೀರ್ಮಾನದಲ್ಲಿಯೂ ಪಾಲಿಲ್ಲದ ಸಾವಿರಾರು ನೌಕರರು. ನಾಯಕನ ಅಸತ್ಯದ ಬೆಲೆಯನ್ನು ತೆರುವವನು ನಾಯಕನೊಬ್ಬನೇ ಅಲ್ಲ.

ಮಾತು ಮತ್ತು ಬರಹ

ಸತ್ಯಘೋಷನು ಪುರೋಹಿತನಾದುದರಿಂದ ಈ ಕಥೆಯನ್ನು ಪರಮತದ ಒಂದು ವರ್ಗದ ನಿಂದೆಯೆಂದು ಓದುವ ಅಪಾಯವಿದೆ. ಅದು ಸಂಕುಚಿತವಾದ ಓದು. ಅದಕ್ಕೆ ಉತ್ತರವು ಜೊತೆಯ ಕಥೆಯಲ್ಲಿಯೇ ಇದೆ. ಧನದೇವನ ಕಥೆಯಲ್ಲಿ ಮೋಸ ಮಾಡುವವನ ಹೆಸರು ಜಿನದೇವ! ಇಬ್ಬರೂ ಲಾಭವನ್ನು ಅರ್ಧರ್ಧ ಹಂಚಿಕೊಳ್ಳುವ ಮಾತಾಡಿಕೊಂಡು ದೂರದೇಶಕ್ಕೆ ಹೋಗಿ ಗಳಿಸಿ ಬರುತ್ತಾರೆ. ಮಾತಿಗೆ ಸಾಕ್ಷಿಯಿಲ್ಲ. ಹಂಚುವ ವೇಳೆಗೆ ಜಿನದೇವನು, ಅರ್ಧ ಕೊಡುವೆನೆಂದು ತಾನು ಹೇಳಿರಲಿಲ್ಲ, ಉಚಿತವಾದುದನ್ನು ಕೊಡುವೆನೆಂದಿದ್ದೆ ಎನ್ನುತ್ತಾನೆ. ‘ಅರ್ಧ’ ಎಂಬ ಮಾತು ‘ಉಚಿತ’ ಎಂಬ ಮಾತಾಗಿ ಕರಗಿದ್ದು ಎಷ್ಟು ಸಹಜ! ಕೆಲಸಕ್ಕೆ ಸೇರಿಸಿಕೊಳ್ಳುವಾಗ ಒಂದು ಅಂಕಿಯನ್ನು ಹೇಳಿ ವರ್ಷದ ಕೊನೆಗೆ ‘ನೋಡೋಣ, ತಕ್ಕದ್ದು ಮಾಡೋಣ’ ಎನ್ನುವವರ ಬಾಯಲ್ಲಿ ಕೇಳುವುದು ಜಿನದೇವನ ಭಾಷೆಯೇ. ಹೆಸರಿನಲ್ಲಿ ಜಿನನಿದ್ದರೆ ಸಾಲದೆಂಬುದನ್ನು ನಮ್ಮ ಟೀಕಾಕಾರರು ಅಂಜದೆ ಹೇಳಿದ್ದಾರೆ.

ಧನದೇವನ ಸತ್ಯವು ಕಥೆಯಲ್ಲಿ ದಿವ್ಯಪರೀಕ್ಷೆಯಿಂದ, ಬೆಂಕಿಯ ಮೂಲಕ ಸ್ಥಾಪಿತವಾಗುತ್ತದೆ. ಇದು ಕಥೆಯ ಮಿತಿ. ನಿತ್ಯಜೀವನದಲ್ಲಿ ಬೆಂಕಿ ಎಲ್ಲರ ಕೈಯನ್ನೂ ಒಂದೇ ರೀತಿ ಸುಡುತ್ತದೆ. ಅದಕ್ಕೆ ಬದಲಾಗಿ ಲೋಕವು ಕಂಡುಕೊಂಡ ಉಪಾಯ ಬರಹ, ರಸೀದಿ, ಪರಿಶೋಧನೆ, ಸಭೆ. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವು ಹುಟ್ಟಿದಾಗ ಈ ನಾಡಿನ ರೈತರು ಇಂಥದೊಂದು ಉಪಾಯವನ್ನು ಕೈಗೆತ್ತಿಕೊಂಡರು. ಸಹಕಾರಿ ಪದ್ಧತಿಯಲ್ಲಿ ಅಧ್ಯಕ್ಷನು ಎಷ್ಟೇ ದೊಡ್ಡವನಾಗಲಿ, ವರ್ಷಕ್ಕೊಮ್ಮೆ ಸದಸ್ಯರ ಮುಂದೆ ಜಮಾಖರ್ಚನ್ನು ಓದಬೇಕು. ಪ್ರಶ್ನೆಗೆ ಉತ್ತರ ಕೊಡಬೇಕು. ಸಮುದ್ರದತ್ತನು ಏರಿದ ಹುಣಸೆ ಮರವನ್ನು ಸಭೆಯ ಒಳಗೇ ತಂದು ನೆಟ್ಟಂತೆ ಇದು. ಈ ಪದ್ಧತಿಯನ್ನು ಕಾಟಾಚಾರಕ್ಕೆ ಇಳಿಸಿ, ಓದದ ಲೆಕ್ಕಕ್ಕೆ ಕೈ ಎತ್ತಿಸಿಕೊಂಡ ಕಡೆಗಳಲ್ಲಿ ಚೂರಿ ಕಟ್ಟಿದವರು ಮತ್ತೆ ಹುಟ್ಟಿಕೊಳ್ಳುತ್ತಾರೆ.

ಬಸದಿಗಳ ಆಡಳಿತಕ್ಕೆ

ಬಸದಿಗಳ ಟ್ರಸ್ಟುಗಳು ಈ ಕಥೆಯನ್ನು ಇತರರಿಗಾಗಿ ಇರಿಸಿಕೊಳ್ಳಲಾಗದು. ಅರ್ಚಕನಿಗೂ ಕಾವಲುಗಾರನಿಗೂ ಬಸದಿಯು ಕೆಲಸದ ಸ್ಥಳವೇ. ಹುಂಡಿಯ ಹಣ, ಪೂಜೆಯ ದತ್ತಿ, ಜೀರ್ಣೋದ್ಧಾರದ ದೇಣಿಗೆ ಇವೆಲ್ಲವೂ ನ್ಯಾಸಗಳು. ಜಿನನಿಗೆ ಅರ್ಪಿಸಿದ ನಿರ್ಮಾಲ್ಯವನ್ನು ಶ್ರಾವಕನು ಮುಟ್ಟದಿರುವ ಸಂಪ್ರದಾಯದ ಹಿಂದಿರುವುದೂ ಇದೇ ಭಾವ. ಇಲ್ಲಿ ನ್ಯಾಸವನ್ನು ಇರಿಸಿದವರು ಎಷ್ಟೋ ವೇಳೆ ಬದುಕಿಲ್ಲ. ಅಜ್ಜಿಯೊಬ್ಬಳು ಅಷ್ಟಾಹ್ನಿಕ ಪೂಜೆಗೆಂದು ಬಿಟ್ಟುಹೋದ ಹೊಲದ ಉತ್ಪನ್ನವನ್ನು ಕೇಳಲು ಯಾರೂ ಬರುವುದಿಲ್ಲ. ಮರೆತವನ ಲೆಕ್ಕವನ್ನೇ ಪೂರ್ಣವಾಗಿ ಕೊಡಬೇಕಾದರೆ ತೀರಿಹೋದವರ ಲೆಕ್ಕವನ್ನು ಇನ್ನೆಷ್ಟು ಎಚ್ಚರದಿಂದ ಇಡಬೇಕು! ಧರ್ಮದ ಕೆಲಸದಲ್ಲಿ ಲೆಕ್ಕ ಕೇಳುವುದು ಅವಿಶ್ವಾಸವೆಂಬ ಮಾತು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅದು ಸಿಂಹಸೇನನ ಮಾತು. ಲೆಕ್ಕ ಕೇಳಿದವನನ್ನು ಜಗಳಗಂಟನೆಂದು ಹೆಸರಿಟ್ಟು ಕೂರಿಸುವುದು ಸತ್ಯಘೋಷನ ಮಾತು. ಪ್ರಾಮಾಣಿಕನಾದ ಅಧ್ಯಕ್ಷನಿಗೆ ಪ್ರಶ್ನೆಯಿಂದ ನಷ್ಟವಿಲ್ಲ; ಅವನ ಹೆಸರನ್ನು ಕಾಯುವುದೇ ಆ ಪ್ರಶ್ನೆ.

ಸತ್ಯಘೋಷನ ಕಥೆಯನ್ನು ಇನ್ನು ಮುಂದೆ ಮಕ್ಕಳಿಗೆ ಹೇಳುವಾಗ ಶಿಕ್ಷೆಯ ಭಾಗವನ್ನು ಸ್ವಲ್ಪ ಕಡಿಮೆ ಮಾಡಿ ಆರು ತಿಂಗಳ ಭಾಗವನ್ನು ಹೆಚ್ಚು ಹೇಳಬಹುದು. ಅಂಗಡಿಯನ್ನೋ ಕಚೇರಿಯನ್ನೋ ಬಸದಿಯನ್ನೋ ನಡೆಸುವ ಹಿರಿಯರು, ತಮ್ಮಲ್ಲಿ ದುಡಿಯುವವನು ಕೇಳದೆ ಬಿಟ್ಟ ಬಾಕಿಯೊಂದು ಪುಸ್ತಕದಲ್ಲಿದೆಯೇ ಎಂದು ಒಮ್ಮೆ ತೆರೆದು ನೋಡಬಹುದು. ಇದ್ದರೆ ಕರೆದು ಕೊಡುವುದೇ ಸತ್ಯಾಣುವ್ರತ.